ಮೆಂತ್ಯ ಒಳ್ಳೆಯದು ಸರಿ, ಎಷ್ಟು ಗ್ರಾಂ ಅಂತ ಬರೆಯಿರಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಆರೋಗ್ಯ ಪುಟದಲ್ಲಿ ಮೆಂತ್ಯದ ಬಗ್ಗೆ ಲೇಖನ ಬಂದಿತ್ತು. ನಾನು ಓದುವ ಮೊದಲೇ ನನ್ನ ಗಿರಾಕಿಗಳು ಓದಿದ್ದರು. ಸೋಮವಾರ ಹನ್ನೊಂದು ಗಂಟೆಗೆಲ್ಲ ಅಂಗಡಿಯ ಮೆಂತ್ಯದ ಡಬ್ಬಿ ಖಾಲಿ. ಒಳಗಿಂದ ಚೀಲ ಬಿಚ್ಚಿ ಮತ್ತೆ ತುಂಬಿದೆ. ಸಂಜೆಗೆ ಅದೂ ತಳ ಕಂಡಿತು. ದಾವಣಗೆರೆಯ ಹಳೇ ಪೇಟೆಯಲ್ಲಿ 34 ವರ್ಷದಿಂದ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದೇನೆ. ಪತ್ರಿಕೆಯಲ್ಲಿ ಏನು ಬಂತು ಅನ್ನೋದು ನನಗೆ ಡಬ್ಬಿ ನೋಡಿದರೆ ಗೊತ್ತಾಗುತ್ತದೆ. ಒಂದು ವಾರ ಅಗಸೆ ಬೀಜ, ಇನ್ನೊಂದು ವಾರ ದಾಲ್ಚಿನ್ನಿ, ಮಳೆಗಾಲಕ್ಕೆ ಅರಿಶಿನ, ಮೆಣಸು. ವ್ಯಾಪಾರ ಮಾಡುವವನಾಗಿ ನಿಮಗೆ ಥ್ಯಾಂಕ್ಸ್ ಹೇಳಬೇಕು. ಆದರೆ ಈ ಪತ್ರ ಬರೆಯುತ್ತಿರುವುದು ಸಿಟ್ಟಿನಿಂದ.

ಲೇಖನವನ್ನು ಎರಡು ಸಲ ಓದಿದೆ. 'ಸ್ವಲ್ಪ ಮೆಂತ್ಯ' ಅಂತ ಒಂದು ಕಡೆ ಇದೆ. 'ಒಂದು ಹಿಡಿ ಮೆಂತ್ಯ ರಾತ್ರಿ ನೆನೆಸಿ' ಅಂತ ಇನ್ನೊಂದು ಕಡೆ ಇದೆ. ಕೊನೆಗೆ 'ನಿಯಮಿತವಾಗಿ ಸೇವಿಸಿದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ' ಅಂತ ಇದೆ. ನಾನು ತಕ್ಕಡಿ ಹಿಡಿದು ಬೆಳೆದವನು. ನನ್ನ ಅಂಗಡಿಗೆ ಬಂದು ಯಾರೂ 'ಸ್ವಲ್ಪ ತೊಗರಿಬೇಳೆ ಕೊಡಿ' ಅನ್ನುವುದಿಲ್ಲ. ಕಾಲು ಕೆಜಿಯೋ ಅರ್ಧ ಕೆಜಿಯೋ ಹೇಳುತ್ತಾರೆ. ಹಪ್ಪಳಕ್ಕೆ, ಇಂಗಿಗೆ ಇರುವ ಲೆಕ್ಕ ಔಷಧಿ ಅಂತ ತಿನ್ನುವ ವಸ್ತುವಿಗೆ ಬೇಡವೇ?

ಹಿಡಿ ಅಂದರೆ ಯಾರ ಹಿಡಿ? ಅದನ್ನೂ ನೋಡಿಬಿಡೋಣ ಅಂತ ಅಂಗಡಿಯ ತೂಕದ ಯಂತ್ರದ ಮೇಲೆ ಹಾಕಿದೆ. ನನ್ನ ಹಿಡಿ 42 ಗ್ರಾಂ ಬಂತು. ನಮ್ಮ ಮನೆಯವರದು 27. ಅಂಗಡಿಗೆ ಚೀಲ ಇಳಿಸಲು ಬರುವ ಹಮಾಲಿ ಒಬ್ಬರಿದ್ದಾರೆ, ಅವರ ಕೈ ನೋಡಿದರೆ ಮೊರ ಇದ್ದ ಹಾಗಿದೆ. ಅವರದನ್ನು ತೂಗಲಿಲ್ಲ, ಕಾಳು ನೆಲಕ್ಕೆ ಬೀಳುತ್ತವೆ ಅಂತ ಬಿಟ್ಟೆ.

ಇಷ್ಟು ತಕರಾರು ಮಾಡಲು ಕಾರಣ ಇದೆ. ನನಗೂ ಶುಗರ್ ಇದೆ, 2016ರಿಂದ. ದಿನಕ್ಕೆರಡು ಮೆಟ್‌ಫಾರ್ಮಿನ್ ಮಾತ್ರೆ, ಬೆಳಿಗ್ಗೆ ಒಂದು ಗ್ಲಿಮೆಪಿರೈಡ್ ಮಾತ್ರೆ. ಮೂರು ವರ್ಷದ ಹಿಂದೆ ಇಂಥದ್ದೇ ಒಂದು ಬರಹ ನನ್ನ ಮೊಬೈಲಿಗೆ ಬಂತು. ಅಂಗಡಿಯಲ್ಲೇ ಮಾಲು ಇದೆ, ದುಡ್ಡು ಕೊಡಬೇಕಿಲ್ಲ. ಒಂದು ಕೆಜಿ ಮೆಂತ್ಯ ಗಿರಣಿಗೆ ಹಾಕಿಸಿ ಪುಡಿ ಮಾಡಿಸಿಕೊಂಡೆ. ಬೆಳಿಗ್ಗೆ ಎದ್ದ ತಕ್ಷಣ ಖಾಲಿ ಹೊಟ್ಟೆಯಲ್ಲಿ ಒಂದು ಚಮಚ. ಒಂದು ವಾರ ಏನೂ ಆಗಲಿಲ್ಲ. ಏನೂ ಆಗಲಿಲ್ಲ ಅಂದಮೇಲೆ ಮನುಷ್ಯ ಏನು ಮಾಡುತ್ತಾನೆ? ಜಾಸ್ತಿ ಮಾಡುತ್ತಾನೆ. ಮೂರು ಚಮಚ ಮಾಡಿದೆ, ಅದೂ ಊಟದ ದೊಡ್ಡ ಚಮಚ.

ಅವತ್ತು ಸಕ್ಕರೆ, ಬೆಲ್ಲದ ಲೋಡು ಬರುವುದಿತ್ತು. ಪುಡಿ ಕುಡಿದೆ, ಮಾತ್ರೆ ನುಂಗಿದೆ, ತಿಂಡಿ ಆಮೇಲೆ ತಿಂದರಾಯಿತು ಅಂತ ಅಂಗಡಿಗೆ ಬಂದೆ. ಗಾಡಿ ಬಂದಿದ್ದು ತಡ. ಲೆಕ್ಕ, ಇಳಿಸುವುದು, ಗಿರಾಕಿ, ಎಲ್ಲ ಒಟ್ಟಿಗೆ. ಹತ್ತೂವರೆ ಹೊತ್ತಿಗೆ ಕೈ ನಡುಗಲು ಶುರುವಾಯಿತು. ಅಂಗಿ ಬೆನ್ನಿಗೆ ಅಂಟಿತು. ಯಂತ್ರದ ಮೇಲಿನ ಕೆಂಪು ಅಂಕಿಗಳು ಎರಡೆರಡಾಗಿ ಕಾಣತೊಡಗಿದವು. ರವೆ ತಗೊಳ್ಳಲು ಬಂದಿದ್ದ ಹೆಣ್ಣುಮಗಳೊಬ್ಬರು, 'ಅಣ್ಣಾರ, ಯಾಕ್ ಹಿಂಗ್ ಮಾಡಾಕತ್ತೀರಿ?' ಅಂದಿದ್ದು ಕೇಳಿಸಿತು. ಉತ್ತರ ಕೊಡಲು ನಾಲಿಗೆ ಹೊರಳಲಿಲ್ಲ.

ಆ ಹಮಾಲಿಯೇ ನನ್ನನ್ನು ಉಳಿಸಿದ್ದು. ಅವರ ಅಣ್ಣನಿಗೂ ಶುಗರ್ ಇದೆಯಂತೆ, ನೋಡಿ ಗೊತ್ತಿತ್ತು. ಇಳಿಸುತ್ತಿದ್ದ ಬೆಲ್ಲದ ಪೆಂಟಿಯನ್ನೇ ಒಡೆದು ಒಂದು ಚೂರು ನನ್ನ ಬಾಯಿಗೆ ಹಾಕಿದರು. ಪಕ್ಕದ ಮೆಡಿಕಲ್ ಅಂಗಡಿಯ ಹುಡುಗ ಮೀಟರ್ ತಂದು ಬೆರಳು ಚುಚ್ಚಿದ. ಬೆಲ್ಲ ಬಾಯಲ್ಲಿದ್ದಾಗಲೇ 54 ತೋರಿಸಿತು. 70ಕ್ಕಿಂತ ಕೆಳಗಿಳಿದರೇ ಕಡಿಮೆ ಅಂತ ಲೆಕ್ಕ. ವರ್ಷಗಳಿಂದ ಬಾಯಿಗೆ ಮುಟ್ಟಿಸದಿದ್ದ ಬೆಲ್ಲ ಅವತ್ತು ಎಷ್ಟು ರುಚಿಯಾಗಿತ್ತು ಅಂದರೆ, ಅದನ್ನು ಡಾಕ್ಟರ ಮುಂದೆ ಹೇಳಬಾರದಿತ್ತು, ಹೇಳಿಬಿಟ್ಟೆ.

ಡಾಕ್ಟರು ಬೈದರು. ಆದರೆ ಮೆಂತ್ಯಕ್ಕಲ್ಲ, ನನಗೆ. 'ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಸಾಮಾನ್ಯವಾಗಿ ಹೀಗೆ ಇಳಿಯುವುದಿಲ್ಲ. ಇನ್ನೊಂದು ಮಾತ್ರೆ ಇದೆಯಲ್ಲ, ಅದು ತಿಂದರೂ ತಿನ್ನದಿದ್ದರೂ ಇನ್ಸುಲಿನ್ ಹೊರಡಿಸುತ್ತದೆ. ಅದನ್ನು ನುಂಗಿ ತಿಂಡಿ ಬಿಟ್ಟಿರಿ. ಅದರ ಮೇಲೆ ಮೆಂತ್ಯ ಬೇರೆ. ಅದೂ ಸಕ್ಕರೆ ಇಳಿಸುವ ಕಡೆಗೇ ಎಳೆಯುವ ವಸ್ತು. ಯಾವುದರ ಪಾಲು ಎಷ್ಟು ಅಂತ ಈಗ ನಾನು ಹೇಗೆ ಹೇಳಲಿ?' ಅಂದರು. ಆಮೇಲೆ ಕೇಳಿದ ಪ್ರಶ್ನೆ ಒಂದೇ: 'ಎಷ್ಟು ಗ್ರಾಂ ತಗೊಳ್ತಿದ್ರಿ?' ನಾನು 'ಮೂರು ಚಮಚ' ಅಂದೆ. 'ಕಿರಾಣಿ ಅಂಗಡಿಯವರು ನೀವು, ಚಮಚ ಅಂತೀರಲ್ಲ' ಅಂದರು. ಆ ಮಾತು ಇನ್ನೂ ಚುಚ್ಚುತ್ತದೆ.

ಮನೆಗೆ ಬಂದು ಮಾಡಿದ ಮೊದಲ ಕೆಲಸ ಚಮಚ ತೂಗಿದ್ದು. ಚಹಾದ ಸಣ್ಣ ಚಮಚದಲ್ಲಿ ಮಟ್ಟಸವಾಗಿ ತುಂಬಿದರೆ ಮೆಂತ್ಯದ ಕಾಳು ಹತ್ತಿರ ಹತ್ತಿರ 4 ಗ್ರಾಂ. ಊಟದ ದೊಡ್ಡ ಚಮಚಕ್ಕೆ ಸುಮಾರು 11 ಗ್ರಾಂ. ನಾನು ದಿನಾ 30 ಗ್ರಾಂ ಮೇಲೆ ನುಂಗುತ್ತಿದ್ದೆ ಅಂತಾಯಿತು.

ಮಗಳು ಫಾರ್ಮಸಿ ಓದಿದ್ದಾಳೆ. ಅಪ್ಪನ ಹೆದರಿಕೆ ನೋಡಿ, ಮೆಂತ್ಯದ ಮೇಲೆ ನಿಜವಾಗಿ ಏನೇನು ಪರೀಕ್ಷೆ ಆಗಿದೆ ಅಂತ ಹುಡುಕಿ ಕನ್ನಡದಲ್ಲಿ ಓದಿ ಹೇಳಿದಳು. ಕೇಳಿ ನನಗೆ ಆಶ್ಚರ್ಯ ಆಯಿತು. ಮೆಂತ್ಯದ ಗುಣ ಸುಳ್ಳಲ್ಲ. ನಮ್ಮ ದೇಶದವರೇ ಪರೀಕ್ಷೆ ಮಾಡಿದ್ದಾರೆ, ಅಳತೆ ಸಮೇತ. ಹೈದರಾಬಾದಿನಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಅಂತ ಇದೆ. ಅಲ್ಲಿನವರು 1990ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಇನ್ಸುಲಿನ್ ಚುಚ್ಚಿಕೊಳ್ಳುವ ಟೈಪ್ 1 ರೋಗಿಗಳಿಗೆ ದಿನಕ್ಕೆ 100 ಗ್ರಾಂ ಮೆಂತ್ಯದ ಪುಡಿ ಕೊಟ್ಟರು, ಹತ್ತು ದಿನ. ಎಣ್ಣೆ ಅಂಶ ತೆಗೆದ ಪುಡಿ ಅದು. ಅರ್ಧ ಮಧ್ಯಾಹ್ನದ ಊಟದಲ್ಲಿ, ಅರ್ಧ ರಾತ್ರಿ ಊಟದಲ್ಲಿ. ಮೂತ್ರದಲ್ಲಿ ಹೋಗುವ ಸಕ್ಕರೆ 54 ಶೇಕಡಾ ಕಡಿಮೆ ಆಯಿತು. 100 ಗ್ರಾಂ ಅಂದರೆ ಸಣ್ಣ ಚಮಚದಲ್ಲಿ 25! ಡಾಕ್ಟರು ಮುಂದೆ ನಿಂತು ಮಾಡಿಸಿದ್ದು ಅದು. ಯಾರಾದರೂ ಮನೆಯಲ್ಲಿ ಮಾಡಿ ನೋಡೀರಿ, ಬೇಡ.

1996ರಲ್ಲಿ ಅದೇ ಸಾಲಿನ ಇನ್ನೊಂದು ಪರೀಕ್ಷೆ, 60 ಜನ, ದಿನಕ್ಕೆ 25 ಗ್ರಾಂ, 24 ವಾರ. ಅದರಲ್ಲೂ ಶುಗರ್ ಇಳಿದಿದೆ. ನನಗೆ ಹೆಚ್ಚು ಹಿಡಿಸಿದ್ದು 2015ರಲ್ಲಿ ಬಂದಿದ್ದು. ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಗಡಿಯಲ್ಲಿದ್ದಾರೆ ಅಂತಾರಲ್ಲ, ಅಂಥ 140 ಜನರನ್ನು ಮೂರು ವರ್ಷ ನೋಡಿಕೊಂಡರು. ಒಂದು ಗುಂಪಿಗೆ ಊಟಕ್ಕೆ ಮುಂಚೆ 5 ಗ್ರಾಂ, ದಿನಕ್ಕೆರಡು ಸಲ. ಮೆಂತ್ಯ ತಿನ್ನದ ಗುಂಪಿನಲ್ಲಿ ಕಾಯಿಲೆ ಬರುವ ಸಾಧ್ಯತೆ ನಾಲ್ಕು ಪಟ್ಟಿಗಿಂತ ಜಾಸ್ತಿ ಇತ್ತು. ಚಿಕ್ಕ ಪರೀಕ್ಷೆಯೇ ಇರಬಹುದು. ಆದರೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಯವರ 2023ರ ಲೆಕ್ಕದ ಪ್ರಕಾರ ದೇಶದಲ್ಲಿ ಶುಗರ್ ಇರುವವರು 10 ಕೋಟಿ ದಾಟಿದ್ದಾರೆ, ಗಡಿಯಲ್ಲಿ ನಿಂತವರು ಇನ್ನೂ 13 ಕೋಟಿ ಮೇಲಿದ್ದಾರೆ. ಅಂಥವರಿಗೆ 10 ಗ್ರಾಂ ಮೆಂತ್ಯದ ಸುದ್ದಿ ಸಣ್ಣದೇನಲ್ಲ.

ಇನ್ನೊಂದನ್ನೂ ಹೇಳಬೇಕು, ಇಲ್ಲದಿದ್ದರೆ ನಾನೂ ಲೇಖನ ಬರೆದವರ ಹಾಗೆ ಅರ್ಧ ಹೇಳಿದಂತೆ ಆಗುತ್ತದೆ. ಜೈಪುರದಲ್ಲಿ 25 ಜನರ ಮೇಲೆ ಮಾಡಿದ್ದು 2001ರಲ್ಲಿ ಪ್ರಕಟವಾಗಿದೆ. ಒಂದು ಗುಂಪಿಗೆ ದಿನಕ್ಕೆ 1 ಗ್ರಾಂ ಮೆಂತ್ಯದ ಸತ್ವ, ಇನ್ನೊಂದಕ್ಕೆ ಪಥ್ಯ ಮತ್ತು ವ್ಯಾಯಾಮ. ಎರಡು ತಿಂಗಳಾದ ಮೇಲೆ ನೋಡಿದರೆ ಎರಡೂ ಗುಂಪಿನ ಶುಗರ್ ಹೆಚ್ಚುಕಡಿಮೆ ಒಂದೇ ಸಮನೆ ಇಳಿದಿತ್ತು. ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವ ವಿಷಯದಲ್ಲಿ ಮಾತ್ರ ಮೆಂತ್ಯದ ಗುಂಪು ಮುಂದಿತ್ತು. ಇದನ್ನು ಕೇಳಿದ ಮೇಲೆ ನಾನು ಬೆಳಿಗ್ಗೆ ಕುಂದುವಾಡ ಕೆರೆ ಕಡೆ ನಡೆಯಲು ಶುರು ಮಾಡಿದೆ. ಅದಕ್ಕೆ ಗಿರಣಿಗೆ ಹೋಗಬೇಕಿಲ್ಲ.

ಸಂಪಾದಕರೇ, ಇಲ್ಲೊಂದು ವಿಷಯ ಗಮನಿಸಿ. ಆ ದೊಡ್ಡ ಪರೀಕ್ಷೆಗಳಲ್ಲಿ ಮೆಂತ್ಯ ಕೊಟ್ಟಿದ್ದು ಊಟದ ಹೊತ್ತಿಗೆ. ನಮ್ಮ ಲೇಖನಗಳೆಲ್ಲ ಹೇಳುವುದು ಮಾತ್ರ 'ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ'. ಇದು ಎಲ್ಲಿಂದ ಬಂತು? ಮೆಂತ್ಯದಲ್ಲಿ ಸುಮಾರು ಅರ್ಧ ಭಾಗ ನಾರೇ. ರಾತ್ರಿ ಒಂದು ಚಮಚ ನೆನೆಹಾಕಿ ಬೆಳಿಗ್ಗೆ ಬೆರಳು ಅದ್ದಿ ನೋಡಿ, ಲೋಳೆ ಲೋಳೆ ಆಗಿರುತ್ತದೆ. ಆ ಲೋಳೆ ಹೊಟ್ಟೆಯಲ್ಲಿ ಅನ್ನ, ಮುದ್ದೆಯ ಜೊತೆ ಸೇರಿ, ಸಕ್ಕರೆ ಒಮ್ಮೆಗೇ ರಕ್ತಕ್ಕೆ ನುಗ್ಗದ ಹಾಗೆ ತಡೆಯುತ್ತದೆ. ಇದು ಮೆಂತ್ಯದ ಮುಖ್ಯ ಕೆಲಸ. ಹೊಟ್ಟೆಯಲ್ಲಿ ಊಟವೇ ಇಲ್ಲದಿದ್ದರೆ ಅದು ತಡೆಯುವುದಾದರೂ ಏನನ್ನು? ಮತ್ತೆ ಕೆಲವರು ನೆನೆಸಿದ ನೀರು ಕುಡಿದು ಕಾಳು ಚೆಲ್ಲುತ್ತಾರೆ. ನಾರಿನ ಬಹುಪಾಲು ಉಳಿದಿರುವುದು ಆ ಕಾಳಿನಲ್ಲೇ. ತೆಂಗಿನಕಾಯಿ ಒಡೆದು ಚಿಪ್ಪು ಮನೆಗೆ ತಂದ ಹಾಗಾಯಿತು.

ಅದೇ ಲೋಳೆ ಮಾತ್ರೆಯನ್ನೂ ತಡೆಯಬಹುದು ಅಂತ ಡಾಕ್ಟರು ಹೇಳಿದರು. ಅದಕ್ಕೆ ಮಾತ್ರೆಗೂ ಮೆಂತ್ಯಕ್ಕೂ ನಡುವೆ ಎರಡು ಗಂಟೆಯಾದರೂ ಬಿಡಲು ನನಗೆ ಹೇಳಿದ್ದಾರೆ. ನಿಮ್ಮ ಲೇಖನದಲ್ಲಿ ಈ ಒಂದು ಸಾಲು ಇದ್ದಿದ್ದರೆ ಸಾಕಿತ್ತು.

ನಮ್ಮ ಹಿರಿಯರು ಮೆಂತ್ಯ ತಿಂದಿಲ್ಲವೇ ಅಂತ ಕೇಳುವವರಿದ್ದಾರೆ. ತಿಂದಿದ್ದಾರೆ. ಆದರೆ ಹೇಗೆ ತಿಂದರು ನೋಡಿ. ನನ್ನ ಅವ್ವ ಮೆಂತ್ಯದ ಹಿಟ್ಟು ಮಾಡುತ್ತಿದ್ದರು. ಗೋಧಿ, ಕಡಲೆಬೇಳೆ, ಅಕ್ಕಿ, ಜೀರಿಗೆ, ಕೊತ್ತಂಬರಿ ಬೇರೆ ಬೇರೆ ಹುರಿದು, ಒಂದು ಸೇರಿಗೆ ಎರಡೋ ಮೂರೋ ಚಮಚ ಮೆಂತ್ಯ. ಮೆಂತ್ಯ ಹುರಿಯುವಾಗ ಒಲೆ ಮುಂದಿನಿಂದ ಏಳುತ್ತಿರಲಿಲ್ಲ. ಕೆಂಪಗಾದರೆ ಘಮ, ಕಪ್ಪಗಾದರೆ ಇಡೀ ಹಿಟ್ಟು ಕಹಿ. ಆ ಹಿಟ್ಟಿಗೆ ಮೊಸರು, ಹೆಚ್ಚಿದ ಈರುಳ್ಳಿ, ಮೇಲೊಂದು ಒಗ್ಗರಣೆ, ಜೋಳದ ರೊಟ್ಟಿ ಜೊತೆ. ಬರೆಯುವಾಗಲೇ ಬಾಯಲ್ಲಿ ನೀರು ಬರುತ್ತಿದೆ. ನಮ್ಮೂರಿನ ಬೆಣ್ಣೆ ದೋಸೆಯ ಹಿಟ್ಟಿಗೂ ಅಕ್ಕಿ, ಉದ್ದಿನಬೇಳೆ, ಮಂಡಕ್ಕಿ ಜೊತೆ ಮೆಂತ್ಯ ಬೀಳುತ್ತದೆ, ಕೆಜಿ ಅಕ್ಕಿಗೆ ಒಂದೆರಡು ಚಮಚ. ನನ್ನ ಗಿರಾಕಿಯೊಬ್ಬರು, ಅವರಿಗೂ ಶುಗರ್, 'ದೋಸೆಯಲ್ಲಿ ಮೆಂತ್ಯ ಇರುತ್ತೆ ಬಿಡ್ರಿ, ಏನಾಗಲ್ಲ' ಅಂತ ವಾರಕ್ಕೆ ಮೂರು ದಿನ ತಿನ್ನುತ್ತಾರೆ. ಮೇಲಿನ ಬೆಣ್ಣೆಯ ಲೆಕ್ಕ ಕೇಳಿದರೆ ಮಾತು ಬದಲಿಸುತ್ತಾರೆ.

ಹಿರಿಯರ ಮೆಂತ್ಯ ಅಂದರೆ ಚಿಟಿಕೆ, ಚಮಚ, ಅದೂ ಊಟದೊಳಗೆ. ಅದನ್ನು ತಿಂದು ಯಾರೂ ಬಿದ್ದಿಲ್ಲ. ಸಾರಿಗೆ ಹಾಕುವಷ್ಟು ಮೆಂತ್ಯಕ್ಕೆ ನಾನು ಯಾರಿಗೂ ಬೇಡ ಅನ್ನುವುದಿಲ್ಲ. ಚಿಟಿಕೆಯಿಂದ ಹಿಡಿಗೆ ಹಾರಿದಾಗ ಅದು ಅಡುಗೆ ಬಿಟ್ಟು ಔಷಧಿ ಆಗುತ್ತದೆ. ಔಷಧಿಗೆ ಅಳತೆ ಬೇಕು.

ಬಾಣಂತಿಯರಿಗೆ ಮೆಂತ್ಯದ ಉಂಡೆ ಕೊಡುವುದು ನಮ್ಮಲ್ಲಿ ಮೊದಲಿಂದ ಇದೆ, ಹಾಲು ಚೆನ್ನಾಗಿ ಬರಲಿ ಅಂತ. ಸರಿ. ಆದರೆ ಬಸುರಿಯರಿಗೆ ಹೆಚ್ಚಿನ ಪ್ರಮಾಣದ ಮೆಂತ್ಯ ಬೇಡ ಅಂತಲೇ ಡಾಕ್ಟರುಗಳು ಹೇಳುವುದು. ಲೇಖನದಲ್ಲಿ 'ಎಲ್ಲರೂ ಸೇವಿಸಬಹುದು' ಅಂತ ಇತ್ತು. ಶೇಂಗಾ ತಿಂದರೆ ಮೈ ತುರಿಕೆ ಬರುವ ಕೆಲವರಿಗೆ ಮೆಂತ್ಯವೂ ಆಗಿಬರುವುದಿಲ್ಲ, ಎರಡೂ ಒಂದೇ ಕುಟುಂಬದ ಗಿಡ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರೂ ಕೇಳಿಕೊಂಡೇ ತಿನ್ನಬೇಕು. ಮೊಳಕೆ ಕಟ್ಟಿ ಹಸಿಯಾಗಿ ತಿನ್ನಿ ಅಂತ ಇನ್ನೊಂದು ಸಲಹೆ ಇತ್ತಲ್ಲ, 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಹಸಿ ಮೊಳಕೆಯಿಂದ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾದ ಸೋಂಕು ಹರಡಿ 50ಕ್ಕೂ ಹೆಚ್ಚು ಜನ ಸತ್ತರು. ಮೊಳಕೆ ಬೇಯಿಸಿ ತಿನ್ನಿ ಅಂತ ಒಂದು ಮಾತು ಸೇರಿಸಲು ಎಷ್ಟು ಜಾಗ ಬೇಕಿತ್ತು?

ಒಂದು ತಮಾಷೆಯನ್ನೂ ಹೇಳಿಬಿಡುತ್ತೇನೆ. ಮೂರು ಚಮಚದ ದಿನಗಳಲ್ಲಿ ನನ್ನ ಬೆವರು ಮೆಂತ್ಯದ ಹಾಗೆ ವಾಸನೆ ಬರುತ್ತಿತ್ತು. ನಮ್ಮ ಮನೆಯವರು ಬನಿಯನ್ ಬೇರೆ ಬಕೆಟ್ಟಿಗೆ ಹಾಕುತ್ತಿದ್ದರು. ಅಂಗಡಿಯ ವಾಸನೆ ಅಂದುಕೊಂಡಿದ್ದೆ. ಮೆಂತ್ಯದ ಘಮಕ್ಕೆ ಕಾರಣವಾದ ಸೊಟೊಲೋನ್ ಅನ್ನುವ ವಸ್ತು ಬೆವರಲ್ಲಿ, ಮೂತ್ರದಲ್ಲಿ ಹಾಗೇ ಹೊರಗೆ ಬರುತ್ತದಂತೆ. ಅಮೆರಿಕದವರಿಗೆ ಅದು ಅವರ ಮೇಪಲ್ ಪಾಕದ ವಾಸನೆ. 2005ರಿಂದ ನ್ಯೂಯಾರ್ಕ್ ಊರಿಗೆ ಆಗಾಗ ಆ ಸಿಹಿ ವಾಸನೆ ಬೀಸಿ, ಜನ ಹೆದರಿ ಫೋನ್ ಮಾಡಿದ್ದೇ ಮಾಡಿದ್ದು. 2009ರಲ್ಲಿ ಪತ್ತೆಯಾಯಿತು, ನದಿಯಾಚೆ ನ್ಯೂಜೆರ್ಸಿಯ ಕಾರ್ಖಾನೆಯೊಂದರಲ್ಲಿ ಮೆಂತ್ಯದ ಕಾಳು ಸಂಸ್ಕರಿಸುತ್ತಿದ್ದರು. ಅಷ್ಟು ದೊಡ್ಡ ಊರು ನಾಲ್ಕು ವರ್ಷ ತಲೆ ಕೆಡಿಸಿಕೊಂಡಿತು. ನಮ್ಮ ಅವ್ವನನ್ನು ಕರೆಸಿದ್ದರೆ ಒಂದು ಸಲ ಮೂಸಿ ಹೇಳಿಬಿಡುತ್ತಿದ್ದರು.

ಲೇಖನದಲ್ಲಿ ನನಗೆ ಅತಿ ಬೇಸರ ಆಗಿದ್ದು 'ರಾಸಾಯನಿಕ ಮಾತ್ರೆಗಳ ಬದಲು ಪ್ರಕೃತಿಯ ಮೊರೆ ಹೋಗಿ' ಅನ್ನುವ ಸಾಲು. ನಾನು ನುಂಗುವ ಮೆಟ್‌ಫಾರ್ಮಿನ್‌ನ ಬೇರು ಹುಡುಕುತ್ತಾ ಹೋದರೆ ಯುರೋಪಿನ ಗ್ಯಾಲಿಗಾ ಅನ್ನುವ ಗಿಡ ಸಿಗುತ್ತದೆ. ಮೆಂತ್ಯ, ಬಟಾಣಿ, ಶೇಂಗಾ ಇರುವ ಕುಟುಂಬದ್ದೇ ಅದು. ಆ ಗಿಡದಲ್ಲಿ ಸಕ್ಕರೆ ಇಳಿಸುವ ಗುಣ ಇತ್ತು, ಜೊತೆಗೆ ವಿಷವೂ ಇತ್ತು. ಆ ಗಿಡದಲ್ಲಿರುವ ವಸ್ತುವಿನ ಹತ್ತಿರದ ಸಂಬಂಧಿಯಾದ ಮೆಟ್‌ಫಾರ್ಮಿನ್ ಅನ್ನು 1922ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದರು. ಝಾನ್ ಸ್ಟೆರ್ನ್ ಅನ್ನುವ ಫ್ರಾನ್ಸಿನ ಡಾಕ್ಟರು ಅದನ್ನು ರೋಗಿಗಳಿಗೆ ಕೊಟ್ಟು ನೋಡಿ 1957ರಲ್ಲಿ ಪ್ರಕಟಿಸಿದರು. ಗಿಡವನ್ನು ಯಾರೂ ಬೇಡ ಅನ್ನಲಿಲ್ಲ. ತೂಗಿ, ಅಳೆದು, 500 ಮಿಲಿಗ್ರಾಂ ಅಂತ ಮಾತ್ರೆ ಮೇಲೆ ಬರೆದರು. ನಾನು ಕೇಳುತ್ತಿರುವುದೂ ಅದನ್ನೇ.

ಇನ್ನು ಅದೇ ಪುಟದ ಕೆಳಗೆ ಒಂದು ಜಾಹೀರಾತು. 'ಸಕ್ಕರೆ ಕಾಯಿಲೆ ಬುಡಸಮೇತ ಗುಣ, 90 ದಿನದಲ್ಲಿ ಮಾತ್ರೆ ಬಂದ್.' ಮೇಲೆ ಮೆಂತ್ಯದ ಲೇಖನ, ಕೆಳಗೆ ಮೆಂತ್ಯ ಸೇರಿದ ಪುಡಿ. ಸಕ್ಕರೆ ಕಾಯಿಲೆ ಗುಣ ಮಾಡುತ್ತೇವೆ ಅಂತ ಔಷಧಿ ಜಾಹೀರಾತು ಹಾಕಬಾರದು ಅಂತ ಕಾನೂನಿದೆ, 1954ರದ್ದು. ಕಲಬೆರಕೆ ಮಾಲು ಮಾರಿದರೆ ನನ್ನ ಅಂಗಡಿಗೆ ಅಧಿಕಾರಿಗಳು ಬರುತ್ತಾರೆ, ಬರಲೂಬೇಕು. ನಿಮ್ಮ ಪುಟಕ್ಕೆ ಯಾರು ಬರುತ್ತಾರೆ?

ನಾನು ಈಗಲೂ ಮೆಂತ್ಯ ತಿನ್ನುತ್ತೇನೆ. ಡಾಕ್ಟರನ್ನು ಕೇಳಿ, ಮಧ್ಯಾಹ್ನದ ಊಟದ ಜೊತೆ ಮಜ್ಜಿಗೆಯಲ್ಲಿ 5 ಗ್ರಾಂ, ತೂಗಿ. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಮಾತ್ರೆ ಒಂದು ದಿನವೂ ಬಿಟ್ಟಿಲ್ಲ. ಈಗ ಶುಗರ್ ಪರವಾಗಿಲ್ಲ. ಅದು ಮೆಂತ್ಯದಿಂದಲೋ, ಕೆರೆ ಸುತ್ತುವುದರಿಂದಲೋ, ರಾತ್ರಿ ಅನ್ನ ಕಡಿಮೆ ಮಾಡಿದ್ದರಿಂದಲೋ ಅಂತ ಕೇಳಿದರೆ ಡಾಕ್ಟರು ನಗುತ್ತಾರೆ.

ಮಂಗಳವಾರ ನಿಮ್ಮ ಪತ್ರಿಕೆಯ ಆ ತುಂಡು ಕತ್ತರಿಸಿಕೊಂಡು ಒಬ್ಬರು ಅಜ್ಜಿ ಅಂಗಡಿಗೆ ಬಂದರು. 'ತಮ್ಮಾ, ಒಂದ್ ಕೆಜಿ ಮೆಂತ್ಯ ಕೊಡು. ಗುಳಿಗೆ ಬಿಡ್ತೀನಿ ಇನ್ನ' ಅಂದರು. ನನ್ನ ಬೆಲ್ಲದ ಕಥೆಯನ್ನೆಲ್ಲ ಹೇಳಿದೆ. ಗುಳಿಗೆ ಬಿಡಬೇಡಿ, ಮೊದಲು ಡಾಕ್ಟರಿಗೆ ತೋರಿಸಿ ಅಂತ ಕೈ ಮುಗಿದೆ. ಸಾರಿಗೆ, ಚಟ್ನಿಪುಡಿಗೆ ಇಷ್ಟು ಸಾಕು ಅಂತ 100 ಗ್ರಾಂ ಕಟ್ಟಿಕೊಟ್ಟೆ. ಅಜ್ಜಿ ಆ ತುಂಡನ್ನು ಮತ್ತೆ ಮಡಚಿ ಸೆರಗಿಗೆ ಕಟ್ಟಿಕೊಂಡರು. 'ಪೇಪರ್ನ್ಯಾಗ ಬರೆದೋರಿಗೆ ಗೊತ್ತಿರಲ್ವೇನೋ?' ಅಂದರು. ಉಳಿದ 900 ಗ್ರಾಂ ಎದುರಿನ ಅಂಗಡಿಯಲ್ಲಿ ತಗೊಂಡು ಹೋದರು.

ಇಂತಿ,
ಒಬ್ಬ ಕಿರಾಣಿ ಅಂಗಡಿಯವ
(ಹೆಸರು ಹಾಕಬೇಡಿ, ಎದುರಿನ ಅಂಗಡಿಯವರು ನನ್ನ ಸ್ನೇಹಿತರು)
ಹಳೇ ಪೇಟೆ, ದಾವಣಗೆರೆ